ಮೊದಲು ಗಂಟು ನೋಡಿ, ಆಮೇಲೆ ಬಂಡೆ ಹತ್ತಿ

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ನಡೆದ ವಿದ್ಯಾರ್ಥಿ ಸಮಾವೇಶದಲ್ಲಿ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)





ಈ ವೇದಿಕೆಯಲ್ಲಿ ಸಾಮಾನ್ಯವಾಗಿ ಶಿಕ್ಷಣದ ಮಹತ್ವ, ಸ್ಪರ್ಧಾತ್ಮಕ ಪರೀಕ್ಷೆಗಳು, ವಿದ್ಯಾರ್ಥಿವೇತನ ಮುಂತಾದ ವಿಷಯಗಳ ಮೇಲೆ ಭಾಷಣಗಳಾಗುತ್ತವೆ. ಈ ಸಲ ಕಾರ್ಯದರ್ಶಿಗಳು ನನ್ನನ್ನು ಕರೆದು, "ಮೇಷ್ಟ್ರೇ, ನೀವು ಮಕ್ಕಳನ್ನು ಕರೆದುಕೊಂಡು ರಾಮನಗರಕ್ಕೆ ಹೋಗಿ ಬಂಡೆ ಹತ್ತಿ ಬಂದಿರಲ್ಲ, ಅದನ್ನೇ ಹೇಳಿ" ಎಂದರು. ನಲವತ್ತು ದಾಟಿದ, ಮಂಡಿ ನೋವಿರುವ ಗಣಿತದ ಮೇಷ್ಟ್ರು ಬಂಡೆ ಹತ್ತಿದ್ದು ಊರಿನವರಿಗೆ ತಮಾಷೆಯ ಸುದ್ದಿಯಾಗಿರಬಹುದು. ಆದರೆ ಅಲ್ಲಿ ನಾನು ಕಲಿತ ಪಾಠ ತಮಾಷೆಯದ್ದಲ್ಲ. ಅದನ್ನು ನಿಮ್ಮ ಮುಂದಿಡಲು ಬಂದಿದ್ದೇನೆ.

ನಿಜ ಹೇಳಬೇಕೆಂದರೆ ನಾನು ಹತ್ತಲು ಹೋದವನಲ್ಲ. ಎರಡು ದಿನಗಳ ಶಿಬಿರಕ್ಕೆ ಹೊರಟ ಮಕ್ಕಳನ್ನು ನೋಡಿಕೊಳ್ಳಲು ಹೋದವನು. ಹುಣಸೆ ಮರದ ನೆರಳಲ್ಲಿ ಕುಳಿತು ಹಾಜರಿ ಬರೆದುಕೊಂಡರೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಆದರೆ ತರಬೇತುದಾರರು ನನ್ನ ಕೈಗೂ ಒಂದು ಹೆಲ್ಮೆಟ್ ಕೊಟ್ಟು, "ಸರ್, ಮೇಷ್ಟ್ರು ಕಲಿಯುವುದನ್ನು ಮಕ್ಕಳು ನೋಡಬೇಕು" ಎಂದರು. ಆ ಮಾತಿಗೆ ಇಲ್ಲ ಎನ್ನಲು ಆಗಲಿಲ್ಲ.

ರಾಮನಗರದ ಬಂಡೆ

ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ ಸುಮಾರು 50 ಕಿ.ಮೀ. ಹೋದರೆ ರಾಮನಗರ. 1975ರಲ್ಲಿ ಬಿಡುಗಡೆಯಾದ 'ಶೋಲೆ' ಚಿತ್ರದಲ್ಲಿ ಕಾಣುವ ಬಂಡೆಗಳು ಇಲ್ಲಿಯವೇ. ಟಿಪ್ಪು ಸುಲ್ತಾನರ ಕಾಲದಲ್ಲಿ ಈ ಊರಿಗೆ ಶಂಸೇರಾಬಾದ್ ಎಂಬ ಹೆಸರಿತ್ತು. ಬ್ರಿಟಿಷರು ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಅವರ ಹೆಸರಿನಲ್ಲಿ ಕ್ಲೋಸ್‌ಪೇಟೆ ಎಂದು ಕರೆದರು. ಭೂವಿಜ್ಞಾನಿಗಳು ಇಲ್ಲಿನ ಶಿಲೆಯನ್ನು ಇಂದಿಗೂ 'ಕ್ಲೋಸ್‌ಪೇಟೆ ಗ್ರಾನೈಟ್' ಎಂದೇ ಗುರುತಿಸುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ.

ನಮ್ಮ ರಾಜ್ಯದಲ್ಲಿ ಕಲಿಯಲು ಬೇರೆ ಬಂಡೆಗಳೂ ಇವೆ. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ ಅಡ್ಡಡ್ಡ ಸೀಳುಗಳಿರುವುದರಿಂದ ಬೆರಳಿಗೆ ಒಳ್ಳೆಯ ಹಿಡಿತ ಸಿಗುತ್ತದೆ. ಹಂಪಿಯ ಗುಂಡುಗಳ ಮೇಲೆ ಹಗ್ಗವಿಲ್ಲದೆ, ಕೆಳಗೆ ದಪ್ಪ ಹಾಸಿಗೆ ಹಾಸಿ, ಕಡಿಮೆ ಎತ್ತರಕ್ಕೆ ಹತ್ತುವ ಬೌಲ್ಡರಿಂಗ್ ನಡೆಯುತ್ತದೆ. ರಾಮನಗರದ ಗ್ರಾನೈಟಿನಲ್ಲಿ ಎಷ್ಟೋ ಕಡೆ ಹಿಡಿಯಲು ಏನೂ ಸಿಗುವುದಿಲ್ಲ. ಬೂಟಿನ ರಬ್ಬರ್ ಮತ್ತು ಕಲ್ಲಿನ ತರಿ ಇವೆರಡರ ನಡುವಿನ ಘರ್ಷಣೆಯನ್ನು ನಂಬಿಯೇ ನಿಲ್ಲಬೇಕು.

ಹತ್ತುವುದಕ್ಕಿಂತ ಮೊದಲು

ಮೊದಲ ದಿನ ಬೆಳಗ್ಗೆ ಮೂರು ಗಂಟೆಗಳ ಕಾಲ ಯಾರೂ ಬಂಡೆ ಮುಟ್ಟಲಿಲ್ಲ. ಹುಡುಗರಿಗೆ ಬೇಸರ. ಆದರೆ ಆ ಮೂರು ಗಂಟೆಗಳೇ ನಿಜವಾದ ಪಾಠ.

ಸೊಂಟಕ್ಕೂ ತೊಡೆಗಳಿಗೂ ಕಟ್ಟಿಕೊಳ್ಳುವ ಪಟ್ಟಿಗೆ ಹಾರ್ನೆಸ್ ಎನ್ನುತ್ತಾರೆ. ಅದರ ಸೊಂಟಪಟ್ಟಿ ಸೊಂಟದ ಮೂಳೆಗಿಂತ ಮೇಲೆ ಬಿಗಿಯಾಗಿರಬೇಕು. ಇಲ್ಲವಾದರೆ ತಲೆಕೆಳಗಾದಾಗ ದೇಹ ಅದರಿಂದ ಜಾರಿ ಹೋಗಬಹುದು. ಕ್ಯಾರಬೈನರ್ ಎಂಬುದು ಬಾಗಿಲಿರುವ ಲೋಹದ ಕೊಂಡಿ. ಬಾಗಿಲು ಮುಚ್ಚಿದ್ದು ಉದ್ದಕ್ಕೆ ಎಳೆತ ಬಿದ್ದರೆ ಅದು ಸುಮಾರು 2000 ಕಿ.ಗ್ರಾಂ. ತೂಕದಷ್ಟು ಬಲವನ್ನು ತಡೆಯುತ್ತದೆ. ಬಾಗಿಲು ತೆರೆದಿದ್ದರೆ ಅದರ ಶಕ್ತಿ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಆದ್ದರಿಂದ ತಿರುಪು ಹಾಕಿ ಮುಚ್ಚಿ, ಒತ್ತಿ ನೋಡಬೇಕು.

ಇನ್ನು ಹಗ್ಗ. ರಾಮನಗರ ರೇಷ್ಮೆಯ ಊರು. ಅಲ್ಲಿ ನೂಲು ಬಿಚ್ಚುವವರು ಹಲವು ಗೂಡುಗಳ ಎಳೆಗಳನ್ನು ಸೇರಿಸಿ ಒಂದು ನೂಲು ಮಾಡುತ್ತಾರೆ. ಹತ್ತುವ ಹಗ್ಗವೂ ಹಾಗೆಯೇ. ಒಳಗೆ ನೈಲಾನಿನ ಸಾವಿರಾರು ಎಳೆಗಳ ತಿರುಳು, ಹೊರಗೆ ಅದನ್ನು ಕಾಪಾಡುವ ಹೆಣೆದ ಕವಚ. ಇದರ ಮುಖ್ಯ ಗುಣ ಹಿಗ್ಗುವುದು. ಬಿದ್ದ ಮನುಷ್ಯನನ್ನು ಹಗ್ಗ ಒಮ್ಮೆಲೇ ಜಗ್ಗಿ ನಿಲ್ಲಿಸಿದರೆ ಬೆನ್ನುಮೂಳೆಗೆ ಏಟಾಗುತ್ತದೆ. ಹಿಗ್ಗಿ ನಿಧಾನವಾಗಿ ನಿಲ್ಲಿಸಿದರೆ ಆಘಾತ ಕಡಿಮೆ. ಹಾಗಾಗಿ ಬಾವಿಯ ಹಗ್ಗ, ಲಾರಿಗೆ ಸರಕು ಬಿಗಿಯುವ ಹಗ್ಗ ಎಷ್ಟೇ ದಪ್ಪವಿದ್ದರೂ ಈ ಕೆಲಸಕ್ಕೆ ಬರುವುದಿಲ್ಲ. ಮನೆಯಲ್ಲಿ ಪ್ರಯೋಗ ಮಾಡಲು ಹೊರಡುವ ಹುಡುಗರು ಈ ಮಾತನ್ನು ಗಮನಿಸಬೇಕು.

ಆಮೇಲೆ ಗಂಟು. ಹಗ್ಗದ ತುದಿಯಿಂದ ಒಂದು ತೋಳುದ್ದದಷ್ಟು ಒಳಗೆ 8 ಅಂಕಿಯ ಆಕಾರದ ಗಂಟು ಹಾಕಬೇಕು. ತುದಿಯನ್ನು ಹಾರ್ನೆಸ್ಸಿನ ಎರಡು ಕುಣಿಕೆಗಳೊಳಗೂ ತೂರಿಸಿ, ಮೊದಲ ಗಂಟಿನ ಜಾಡನ್ನೇ ಹಿಡಿದು ವಾಪಸ್ ತರಬೇಕು. ಸರಿಯಾಗಿ ಹಾಕಿದರೆ ಐದು ಕಡೆ ಹಗ್ಗ ಜೋಡಿ ಜೋಡಿಯಾಗಿ ಕಾಣುತ್ತದೆ. ಎಲ್ಲ ಎಳೆಗಳನ್ನೂ ಜಗ್ಗಿ ಬಿಗಿ ಮಾಡಿ, ತುದಿ ಒಂದು ಗೇಣಿನಷ್ಟಾದರೂ ಉಳಿದಿದೆಯೇ ಎಂದು ನೋಡಬೇಕು. ಈ ಗಂಟಿನ ವಿಶೇಷವೆಂದರೆ ತಪ್ಪಾಗಿದ್ದರೆ ನೋಡಿದ ಕೂಡಲೇ ತಿಳಿಯುತ್ತದೆ. ಆದರೆ ಯಾರಾದರೂ ನೋಡಬೇಕು, ಅಷ್ಟೇ.

ಹಗ್ಗ ಹಿಡಿಯುವವನು

ಹೊಸಬರು ಕಲಿಯುವುದು ಟಾಪ್ ರೋಪ್ ಎಂಬ ವಿಧಾನದಲ್ಲಿ. ಹಗ್ಗ ಹತ್ತುವವನ ಸೊಂಟದಿಂದ ಹೊರಟು, ಬಂಡೆಯ ನೆತ್ತಿಯಲ್ಲಿ ಭದ್ರಪಡಿಸಿದ ಕೊಂಡಿಗಳ ಮೂಲಕ ಹಾದು, ಕೆಳಗೆ ನಿಂತವನ ಬಳಿ ಬರುತ್ತದೆ. ಕೆಳಗೆ ನಿಂತು ಹಗ್ಗ ನೋಡಿಕೊಳ್ಳುವ ಕೆಲಸಕ್ಕೆ ಬಿಲೇ ಎಂದು ಹೆಸರು. ಮೇಲಿನವನು ಏರಿದಂತೆ ಇವನು ಸಡಿಲವಾದ ಹಗ್ಗವನ್ನು ಸೆಳೆದುಕೊಳ್ಳುತ್ತಾ ಹೋಗುತ್ತಾನೆ. ಅವನು ಜಾರಿದರೆ ಇವನು ತಡೆಯುತ್ತಾನೆ.

ಭಾರವಾದ ಮನುಷ್ಯನನ್ನು ಒಬ್ಬ ಹುಡುಗ ಹೇಗೆ ತಡೆದಾನು ಎಂದು ನೀವು ಕೇಳಬಹುದು. ಎತ್ತು ಎಳೆಯುತ್ತಿರುವಾಗ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಸುತ್ತಿ ಹಿಡಿದರೆ ಸಣ್ಣ ಹುಡುಗನೂ ನಿಲ್ಲಿಸಬಲ್ಲ ಎಂಬುದನ್ನು ಹಳ್ಳಿಯವರು ಬಲ್ಲರು. ಇಲ್ಲಿಯೂ ಅದೇ ಲೆಕ್ಕ. ಮೇಲಿನ ಕೊಂಡಿಗಳಲ್ಲಿ ಸ್ವಲ್ಪ, ಸೊಂಟದ ಬಿಲೇ ಸಾಧನದಲ್ಲಿ ಹೆಚ್ಚು ಘರ್ಷಣೆ ಉಂಟಾಗಿ ಕೈಗೆ ಬರುವ ಎಳೆತ ಬಹಳ ಕಡಿಮೆಯಾಗುತ್ತದೆ. ಆದರೆ ಒಂದು ಶರತ್ತಿದೆ. ಸಾಧನದ ಕೆಳಗಿನ ಹಗ್ಗವನ್ನು ಹಿಡಿದ ಕೈಯನ್ನು ಎಂದಿಗೂ ಬಿಡಬಾರದು. ನೊಣ ಬಂದು ಮೂಗಿನ ಮೇಲೆ ಕುಳಿತರೂ, ಮೊಬೈಲ್ ಬಡಿದುಕೊಂಡರೂ ಬಿಡಬಾರದು.

ಶುರು ಮಾಡುವ ಮೊದಲು ಇಬ್ಬರೂ ಒಬ್ಬರನ್ನೊಬ್ಬರು ಪರೀಕ್ಷಿಸಬೇಕು. ಹಾರ್ನೆಸ್ಸಿನ ಬಕಲ್, ಗಂಟು, ಬಿಲೇ ಸಾಧನದಲ್ಲಿ ಹಗ್ಗ ಕೂತಿರುವ ಬಗೆ, ಕ್ಯಾರಬೈನರಿನ ತಿರುಪು, ಹೆಲ್ಮೆಟ್ ಇಷ್ಟನ್ನೂ ಕಣ್ಣಿನಿಂದ ನೋಡಿ ಕೈಯಿಂದ ಮುಟ್ಟಬೇಕು. ಆಮೇಲೆ "ಆನ್ ಬಿಲೇ?" ಎಂದು ಒಬ್ಬ ಕೇಳಬೇಕು, "ಬಿಲೇ ಆನ್" ಎಂದು ಇನ್ನೊಬ್ಬ ಉತ್ತರಿಸಬೇಕು. ಉತ್ತರ ಬರುವ ತನಕ ಕಾಲು ನೆಲದಿಂದ ಏಳಬಾರದು.

ನನ್ನ ಅರ್ಧ ಗಂಟು

ಎರಡನೇ ದಿನ ಬೆಳಗ್ಗೆ ನನ್ನ ಸರದಿ. ನನ್ನ ಹಗ್ಗ ಹಿಡಿಯಲು ಒಂಬತ್ತನೇ ತರಗತಿಯ ಒಬ್ಬ ಹುಡುಗನಿಗೆ ಹೇಳಿದರು. ನನ್ನ ತೂಕ 78 ಕಿಲೋ, ಅವನದು 45. ಆದ್ದರಿಂದ ಅವನನ್ನು ನೆಲದ ಒಂದು ಗುಂಡಿಗೆ ಕಟ್ಟಿ, ತರಬೇತುದಾರರು ಅವನ ಪಕ್ಕದಲ್ಲೇ ಹಗ್ಗದ ಮೇಲೆ ಕೈಯಿಟ್ಟು ನಿಂತಿದ್ದರು. ಆ ಹುಡುಗ ಮೂರು ವರ್ಷಗಳಿಂದ ನನ್ನ ವಿದ್ಯಾರ್ಥಿ. ತರಗತಿಯಲ್ಲಿ ಬಾಯಿ ಬಿಟ್ಟವನಲ್ಲ. ಲೆಕ್ಕ ತಿಳಿಯದಿದ್ದರೂ ತಿಳಿಯಿತು ಎಂದು ತಲೆಯಾಡಿಸುವ ಹುಡುಗ.

ನಾನು 8ರ ಗಂಟು ಹಾಕಿ ತುದಿಯನ್ನು ಹಾರ್ನೆಸ್ಸಿಗೆ ತೂರಿಸಿದೆ. ಅಷ್ಟರಲ್ಲಿ ಮಧ್ಯಾಹ್ನದ ಊಟದ ಬಗ್ಗೆ ಯಾರೋ ಏನೋ ಕೇಳಿದರು. ತಿರುಗಿ ಉತ್ತರ ಕೊಟ್ಟೆ. ಮತ್ತೆ ಬಂಡೆಯ ಕಡೆ ತಿರುಗಿದಾಗ ಗಂಟು ಮುಗಿದಿದೆ ಎಂದೇ ನನ್ನ ಮನಸ್ಸು ನಂಬಿತ್ತು. ಕೈಗೆ ಚಾಕ್ ಪುಡಿ ಹಚ್ಚಿಕೊಂಡು, ಪರೀಕ್ಷೆ ಮಾಡಿಸಿಕೊಳ್ಳದೆಯೇ ಬಂಡೆಯ ಮೇಲೆ ಕೈಯಿಟ್ಟೆ.

ಹಿಂದಿನಿಂದ ಸಣ್ಣ ದನಿ ಕೇಳಿತು. "ಸರ್... ನಿಮ್ಮ ಗಂಟು ಪೂರ್ತಿ ಆಗಿಲ್ಲ."

ನಿಮ್ಮ ಮುಂದೆ ಒಂದು ಸತ್ಯ ಒಪ್ಪಿಕೊಳ್ಳುತ್ತೇನೆ. ಆ ಕ್ಷಣ ನನಗೆ ಬಂದದ್ದು ಕೃತಜ್ಞತೆಯಲ್ಲ, ಸಿಟ್ಟು. ಎಲ್ಲರ ಮುಂದೆ ಹುಡುಗನೊಬ್ಬ ಮೇಷ್ಟ್ರ ತಪ್ಪು ಎತ್ತಿ ತೋರಿಸಿದನಲ್ಲ ಎಂಬ ಸಿಟ್ಟು. "ಆಗಿದೆ ಬಿಡೋ" ಎಂದುಬಿಟ್ಟೆ. ಅವನು ಹೆದರಿ ಸುಮ್ಮನಾಗಬಹುದಿತ್ತು. ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ನಾವು ಅವನಿಗೆ ಕಲಿಸಿದ್ದೂ ಅದನ್ನೇ ಅಲ್ಲವೇ? ಆದರೆ ಅವನು ಹಗ್ಗ ಹಿಡಿದ ಕೈಯನ್ನು ಬಿಡದೆ, ನಡುಗುವ ದನಿಯಲ್ಲಿ, "ಸರ್, ಬಿಲೇ ಆನ್ ಅಂತ ನಾನು ಹೇಳಿಲ್ಲ" ಎಂದ. ಬಗ್ಗಿ ನೋಡಿದೆ. ಹಗ್ಗದ ತುದಿ ಹಾಗೇ ನೇತಾಡುತ್ತಿತ್ತು. ನಾಲ್ಕು ಆಳೆತ್ತರ ಹೋಗಿ ಹಗ್ಗಕ್ಕೆ ಭಾರ ಬಿಟ್ಟಿದ್ದರೆ ಅದು ಹಾರ್ನೆಸ್ಸಿನಿಂದ ಜಾರಿ ಹೊರಬರುತ್ತಿತ್ತು. ಮೌನವಾಗಿ ಕೆಳಗೆ ಕುಳಿತು ಗಂಟು ಮುಗಿಸಿದೆ. ಅವನು ಬಂದು ಐದು ಜೋಡಿಗಳನ್ನೂ ಬೆರಳಿಟ್ಟು ಎಣಿಸಿದ. ನಾನು ಕಲಿಸಿದ ಎಣಿಕೆ ಅಂದು ನನ್ನ ಪ್ರಾಣಕ್ಕೆ ಬಂತು.

ಹೊಸಬರಷ್ಟೇ ಹೀಗೆ ತಪ್ಪುತ್ತಾರೆ ಎಂದುಕೊಳ್ಳಬೇಡಿ. ಅಮೆರಿಕದ ಲಿನ್ ಹಿಲ್ ಜಗತ್ತಿನ ಅತಿ ಶ್ರೇಷ್ಠ ಬಂಡೆ ಏರುವವರಲ್ಲಿ ಒಬ್ಬರು. 1989ರ ಮೇ ತಿಂಗಳಲ್ಲಿ ಫ್ರಾನ್ಸಿನ ಬ್ಯುವು ಎಂಬಲ್ಲಿ ಅವರು ಗಂಟನ್ನು ಅರ್ಧಕ್ಕೆ ಬಿಟ್ಟು ಮರೆತು, ಮೇಲೆ ಹೋಗಿ ಹಗ್ಗಕ್ಕೆ ಭಾರ ಬಿಟ್ಟಾಗ ಸುಮಾರು 25 ಮೀಟರ್ ಎತ್ತರದಿಂದ ಬಿದ್ದರು. ಕೆಳಗೆ ಮರವೊಂದು ಅಡ್ಡ ಬಂದುದರಿಂದ ಜೀವ ಉಳಿಯಿತು. ಅದೇ ಮಹಿಳೆ ಚೇತರಿಸಿಕೊಂಡು 1993ರಲ್ಲಿ ಕ್ಯಾಲಿಫೋರ್ನಿಯಾದ ಎಲ್ ಕ್ಯಾಪಿಟನ್ ಬಂಡೆಯ 'ನೋಸ್' ದಾರಿಯನ್ನು, ಹಗ್ಗವನ್ನು ರಕ್ಷಣೆಗಷ್ಟೇ ಇಟ್ಟುಕೊಂಡು, ಕೇವಲ ಕೈಕಾಲುಗಳ ಬಲದಿಂದ ಏರಿದ ಮೊದಲ ವ್ಯಕ್ತಿಯಾದರು. ಆ ಬಂಡೆಯ ಎತ್ತರ ಸುಮಾರು 900 ಮೀಟರ್. ಅನುಭವ ಹೆಚ್ಚಿದಂತೆ ಪರೀಕ್ಷೆ ಬೇಡವಾಗುವುದಿಲ್ಲ. ಅನುಭವಿಗಳನ್ನು ಯಾರೂ ಪರೀಕ್ಷಿಸಲು ಹೋಗದ ಕಾರಣ ಅದು ಇನ್ನಷ್ಟು ಬೇಕಾಗುತ್ತದೆ.

ಕಾಲಿನ ಮೇಲೆ ಏರುವುದು

ಅಂತೂ ಹತ್ತಿದೆ. ಹೊಸಬರೆಲ್ಲ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಕೈಯಿಂದ ಜೋತುಬಿದ್ದು ಮೈಯನ್ನು ಎಳೆದುಕೊಳ್ಳಲು ನೋಡಿದೆ. ಎರಡೇ ನಿಮಿಷಕ್ಕೆ ಮುಂಗೈ ಕಲ್ಲಾಯಿತು. ಕೆಳಗಿನಿಂದ ತರಬೇತುದಾರರು, "ಏಣಿ ಹತ್ತುವಾಗ ಕೈಯಿಂದ ಎಳೆಯುತ್ತೀರೋ, ಕಾಲಿನಿಂದ ತುಳಿಯುತ್ತೀರೋ?" ಎಂದು ಕೇಳಿದರು. ತೊಡೆಯ ಸ್ನಾಯು ತೋಳಿನದಕ್ಕಿಂತ ಎಷ್ಟೋ ಬಲವಾದದ್ದು. ಕೈ ನೇರವಾಗಿ ಇಟ್ಟು, ಕಣ್ಣು ಕಾಲಿನ ಕಡೆ ಇಟ್ಟು, ಪಾದದ ನಡುಭಾಗವಲ್ಲ, ಹೆಬ್ಬೆರಳಿನ ಕಡೆಯ ತುದಿಯನ್ನು ಊರಬೇಕು. ಎರಡು ಕೈ, ಎರಡು ಕಾಲು ಇವುಗಳಲ್ಲಿ ಮೂರು ಭದ್ರವಾಗಿರುವಾಗ ಒಂದನ್ನು ಮಾತ್ರ ಕದಲಿಸಬೇಕು. ಇಳಿಜಾರು ಬಂಡೆಯಲ್ಲಿ ಹಿಮ್ಮಡಿ ಕೆಳಗಿಳಿಸಿದಷ್ಟೂ ಬೂಟಿನ ರಬ್ಬರ್ ಚೆನ್ನಾಗಿ ಕಚ್ಚಿಕೊಳ್ಳುತ್ತದೆ.

ಹೆದರಿಕೆಯಿಂದ ಒಂದು ಕಾಲು ತಾನಾಗಿಯೇ ಪಟಪಟನೆ ನಡುಗತೊಡಗಿತು. ಬಂಡೆ ಏರುವವರು ಇದನ್ನು 'ಹೊಲಿಗೆ ಯಂತ್ರದ ಕಾಲು' ಎನ್ನುತ್ತಾರೆ. ಟೈಲರ್ ಅಂಗಡಿಗಳ ನಡುವೆ ಬೆಳೆದ ನನಗೆ ಆ ಹೆಸರು ಕೇಳಿ ನಗು ಬಂತು. ನಕ್ಕಾಗ ಉಸಿರು ಬಂತು. ಉಸಿರು ಬಂದಾಗ ಕಾಲು ನಿಂತಿತು. ಹಿಮ್ಮಡಿ ಕೆಳಗಿಳಿಸಿ ದೀರ್ಘವಾಗಿ ಉಸಿರಾಡುವುದೇ ಅದಕ್ಕೆ ಮದ್ದು.

ಎಲ್ಲಕ್ಕಿಂತ ಕಷ್ಟವಾದದ್ದು ಇಳಿಯುವುದು. ತುದಿ ಮುಟ್ಟಿದ ಮೇಲೆ ಬಂಡೆಯಿಂದ ಕೈ ಬಿಟ್ಟು, ಹಿಂದಕ್ಕೆ ವಾಲಿ, ಕುರ್ಚಿಯಲ್ಲಿ ಕುಳಿತಂತೆ ಹಗ್ಗದ ಮೇಲೆ ಭಾರ ಹಾಕಬೇಕು. ಕೆಳಗಿರುವ 45 ಕಿಲೋದ ಹುಡುಗನನ್ನು ನಂಬಬೇಕು. ಒಂದು ಗಂಟೆಗೆ ಮೊದಲು ಗದರಿಸಿದ ಅದೇ ಹುಡುಗನನ್ನು! ಕೈ ಬಿಟ್ಟೆ. ಅವನು ನನ್ನನ್ನು ನಿಧಾನವಾಗಿ ನೆಲಕ್ಕಿಳಿಸಿದ.

ಒಂಟೆಯ ಹಗ್ಗ

ತಿರ್ಮಿಝಿ ಗ್ರಂಥದಲ್ಲಿ ಬರುವ ಒಂದು ಪ್ರಸಂಗ ನಿಮಗೆಲ್ಲ ಗೊತ್ತಿರುವುದೇ. ಒಂಟೆಯನ್ನು ಕಟ್ಟಿ ಅಲ್ಲಾಹನ ಮೇಲೆ ಭರವಸೆಯಿಡಬೇಕೋ, ಕಟ್ಟದೆ ಬಿಟ್ಟು ಭರವಸೆಯಿಡಬೇಕೋ ಎಂದು ಒಬ್ಬರು ಕೇಳಿದಾಗ, ಪ್ರವಾದಿ(ಸ)ಯವರು ಮೊದಲು ಕಟ್ಟು, ಆಮೇಲೆ ಭರವಸೆಯಿಡು ಎಂದು ತಿಳಿಸಿದರು. ಈ ಹದೀಸನ್ನು ನಾನು ಎಷ್ಟೋ ಸಲ ಮಕ್ಕಳಿಗೆ ಹೇಳಿದ್ದೇನೆ. ತವಕ್ಕುಲ್ ಎಂದರೆ ಕಣ್ಣು ಮುಚ್ಚಿಕೊಳ್ಳುವುದಲ್ಲ, ಗಂಟು ನೋಡಿದ ಮೇಲೆ ಕೈ ಬಿಡುವುದು ಎಂದು ನನಗೆ ಅರ್ಥವಾದದ್ದು ಆ ದಿನ.

ಇನ್ನೊಂದು ಮಾತು. ಜಮಾಅತ್ ನಮಾಝಿನಲ್ಲಿ ಇಮಾಮರು ರಕಅತ್ ಮರೆತರೆ ಹಿಂದೆ ನಿಂತವರು "ಸುಬ್‌ಹಾನಲ್ಲಾಹ್" ಎಂದು ಎಚ್ಚರಿಸುತ್ತಾರೆ. ಹಾಗೆ ಎಚ್ಚರಿಸಿದವರನ್ನು ಯಾರೂ ಅದಬು ಇಲ್ಲದವರೆಂದು ಕರೆಯುವುದಿಲ್ಲ. ಇಮಾಮರೂ ಅವಮಾನವೆಂದು ತಿಳಿಯುವುದಿಲ್ಲ. ತಿದ್ದಿಕೊಂಡು ಮುಂದುವರಿಯುತ್ತಾರೆ. ನಮಾಝಿನ ಸಾಲಿನಲ್ಲಿ ನಾವು ಒಪ್ಪಿಕೊಂಡಿರುವ ಈ ಪದ್ಧತಿಯನ್ನು ಮನೆಗೆ, ತರಗತಿಗೆ, ನಮ್ಮ ಸಂಘದ ಸಭೆಗಳಿಗೆ ಏಕೆ ತರಲಿಲ್ಲ? ಲೆಕ್ಕಪತ್ರ ಓದುವಾಗ ಯುವ ಸದಸ್ಯನೊಬ್ಬ ಎದ್ದು ಪ್ರಶ್ನೆ ಕೇಳಿದರೆ ನಮ್ಮ ಮುಖ ಏಕೆ ಕೆಂಪಾಗುತ್ತದೆ? ಈ ಮಾತು ಮೊದಲು ನನಗೆ ನಾನೇ ಹೇಳಿಕೊಳ್ಳುವುದು, ಹಿರಿಯರು ತಪ್ಪು ತಿಳಿಯಬಾರದು.

ಹೆಣ್ಣುಮಕ್ಕಳ ಬಗ್ಗೆ, ಮತ್ತು ಎಚ್ಚರಿಕೆಯ ಮಾತು

ಮುಂದಿನ ಶಿಬಿರಕ್ಕೆ ಹೆಣ್ಣುಮಕ್ಕಳನ್ನೂ ಕಳುಹಿಸಬೇಕೆಂದು ಕೆಲವು ತಾಯಂದಿರು ಕೇಳಿದ್ದಾರೆ, ಕೆಲವು ತಂದೆಯರು ಹಿಂಜರಿದಿದ್ದಾರೆ. ಇಂಡೋನೇಷ್ಯಾದ ಆರಿಸ್ ಸುಸಂತಿ ರಹಾಯು ಹಿಜಾಬ್ ಧರಿಸಿಯೇ ಸ್ಪರ್ಧಿಸಿದ ಕ್ರೀಡಾಪಟು. 2019ರ ಅಕ್ಟೋಬರ್‌ನಲ್ಲಿ ಚೀನಾದ ಶಿಯಾಮೆನ್‌ನಲ್ಲಿ ಅವರು 15 ಮೀಟರ್ ಗೋಡೆಯನ್ನು 6.995 ಸೆಕೆಂಡುಗಳಲ್ಲಿ ಏರಿ, ಏಳು ಸೆಕೆಂಡಿನ ಗಡಿ ದಾಟಿದ ಮೊದಲ ಮಹಿಳೆಯಾದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಿಂದ ಇದು ಒಲಿಂಪಿಕ್ ಕ್ರೀಡೆಯೂ ಹೌದು. ತುಂಬು ತೋಳಿನ ಉಡುಪು, ಹೆಲ್ಮೆಟ್ಟಿನೊಳಗೆ ಬಿಗಿಯಾಗಿ ಕಟ್ಟಿದ ತಲೆವಸ್ತ್ರ ಯಾವ ಅಡ್ಡಿಯನ್ನೂ ಮಾಡುವುದಿಲ್ಲ. ನೇತಾಡುವ ದುಪಟ್ಟಾದ ಸೆರಗು ಮತ್ತು ಬಿಚ್ಚಿದ ಜಡೆ ಮಾತ್ರ ಬಿಲೇ ಸಾಧನಕ್ಕೆ ಸಿಕ್ಕಿಕೊಳ್ಳಬಹುದು, ಅವನ್ನು ಒಳಗೆ ಸೇರಿಸಬೇಕು. ಮಹಿಳಾ ತರಬೇತುದಾರರನ್ನು ಕೇಳಿ ಪಡೆಯುವುದು ನಮ್ಮ ಜವಾಬ್ದಾರಿ.

ಹುಡುಗರಿಗೆ ಒಂದು ಮಾತು. ಚಿತ್ರದುರ್ಗದ ಕೋಟೆಯನ್ನು ಬರಿಗೈಯಲ್ಲಿ ಏರುವ ಜ್ಯೋತಿರಾಜ್ ಅವರನ್ನು ನೀವು ಮೊಬೈಲಿನಲ್ಲಿ ನೋಡಿದ್ದೀರಿ. 2017ರ ಜೂನ್‌ನಲ್ಲಿ ಅಲೆಕ್ಸ್ ಹಾನಲ್ಡ್ ಎಲ್ ಕ್ಯಾಪಿಟನ್ ಬಂಡೆಯನ್ನು ಹಗ್ಗವಿಲ್ಲದೆ ಏರಿದ್ದನ್ನೂ ನೋಡಿರಬಹುದು. ಆದರೆ ಹಾನಲ್ಡ್ ಅದಕ್ಕೆ ಮೊದಲು ಅದೇ ದಾರಿಯನ್ನು ಹಗ್ಗ ಕಟ್ಟಿಕೊಂಡು ಮತ್ತೆ ಮತ್ತೆ ಅಭ್ಯಾಸ ಮಾಡಿದ್ದರು ಎಂಬುದನ್ನು ಮರೆಯಬೇಡಿ. ಊರ ಹೊರಗಿನ ಗುಡ್ಡಕ್ಕೆ ಹೋಗಿ ಸೆಲ್ಫಿಗಾಗಿ ಬಂಡೆ ಹತ್ತುವುದು ಧೈರ್ಯವಲ್ಲ. ಹತ್ತುವುದು ಸುಲಭ, ಇಳಿಯುವಾಗ ಕಾಲಿಡುವ ಜಾಗ ಕಾಣುವುದಿಲ್ಲ.

ನಮ್ಮ ಬಂಡೆಗಳಲ್ಲಿ ಹೆಜ್ಜೇನು ಇರುತ್ತದೆ. ಗದ್ದಲ, ಹೊಗೆ, ಘಾಟು ವಾಸನೆ ಅದನ್ನು ಕೆರಳಿಸುತ್ತವೆ. ಆದ್ದರಿಂದ ಶುಕ್ರವಾರದ ಅತ್ತರ್ ಹಚ್ಚಿಕೊಂಡು ಬಂಡೆಗೆ ಬರಬೇಡಿ! ಮೇಲಿನಿಂದ ಕಲ್ಲು ಉರುಳಿದರೆ "ರಾಕ್" ಎಂದು ಕೂಗುತ್ತಾರೆ. ಆಗ ತಲೆಯೆತ್ತಿ ನೋಡದೆ ಬಂಡೆಗೆ ಒತ್ತಿ ನಿಲ್ಲಬೇಕು. ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಗಿದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಕಾಲಿಡಬಾರದು. ಅಲ್ಲಾಹನ ಸೃಷ್ಟಿಯಲ್ಲಿ ಆ ಹಕ್ಕಿಗಳಿಗೂ ಪಾಲಿದೆ.

ಕಲಿಯಲು ದಾರಿಗಳಿವೆ. ನಮ್ಮ ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಎನ್‌ಸಿಸಿ ಸೇರಿದವರಿಗೆ ಬಂಡೆ ಏರುವ ಶಿಬಿರಗಳಿರುತ್ತವೆ. ಮುಂದೆ ಹೋಗಬಯಸುವವರಿಗೆ 1954ರಲ್ಲಿ ಸ್ಥಾಪನೆಯಾದ ಡಾರ್ಜಿಲಿಂಗಿನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ, 1965ರಲ್ಲಿ ಸ್ಥಾಪನೆಯಾದ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ ಇವೆ. ಅವುಗಳ ಪ್ರಾಥಮಿಕ ತರಬೇತಿಯಲ್ಲೂ ಮೊದಲು ಬಂಡೆ, ಆಮೇಲೆ ಹಿಮ.

ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಶಿಬಿರದಿಂದ ಬಂದ ಮರುವಾರ ನಾನು ಕಪ್ಪು ಹಲಗೆಯ ಮೇಲೆ ಒಂದು ಸಮೀಕರಣ ಬಿಡಿಸುತ್ತಿದ್ದೆ. ಹಿಂದಿನ ಬೆಂಚಿನಿಂದ ಕೈ ಮೇಲೆದ್ದಿತು. "ಸರ್, ಮೂರನೇ ಸಾಲಿನಲ್ಲಿ ಮೈನಸ್ ಬಿಟ್ಟುಹೋಗಿದೆ." ನೋಡಿದೆ. ಬಿಟ್ಟುಹೋಗಿತ್ತು. ಈ ಸಲ ಸಿಟ್ಟು ಬರಲಿಲ್ಲ. ಮೂರು ವರ್ಷದಲ್ಲಿ ಅವನು ಕೈ ಎತ್ತಿದ್ದು ಅದೇ ಮೊದಲು.

ನಮ್ಮ ತಪ್ಪನ್ನು ತೋರಿಸುವ ಕಿರಿಯರನ್ನೂ, ಅದನ್ನು ಒಪ್ಪಿಕೊಳ್ಳುವ ಹೃದಯವನ್ನೂ ಅಲ್ಲಾಹನು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೀನ್.